ಗುಡ್ಡ ಕುಸಿಯೋ ಮೊದಲೇ ರಾಡಾರ್ ಹೊರಗೆ ತೆಗೆಯೋಣ

2024ರ ಜುಲೈ 16ರಂದು ನಮ್ಮದೇ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ, ನೆಲದೊಳಗೆ ನೋಡುವ ರಾಡಾರ್, ಅಂದರೆ ಜಿಪಿಆರ್, ಟಿವಿ ನೋಡುವ ಎಲ್ಲರಿಗೂ ಪರಿಚಯವಾಯ್ತು. ಮಣ್ಣಿನಡಿ ಲಾರಿ ಇದೆಯಾ ಅಂತ ಅದರಿಂದಲೂ ಹುಡುಕಿದರು. ಲಾರಿ ಸಿಕ್ಕಿದ್ದು 71 ದಿನಗಳ ನಂತರ, ಗಂಗಾವಳಿ ನದಿಯಲ್ಲಿ. ಆಗಿಂದ ‘ನಮ್ಮ ಮಣ್ಣಿಗೆ ರಾಡಾರ್ ಆಗಿಬರಲ್ಲ’ ಅನ್ನೋ ಮಾತು ಕ್ಯಾಂಪಸ್ಸಿನಲ್ಲೂ ಕೇಳ್ತಾ ಇದೆ. ನಾವು ಇದನ್ನು ಒಪ್ಪೋದಿಲ್ಲ. ದುರಂತ ಆದ ಮೇಲಷ್ಟೇ ಅದನ್ನು ಕರೆಸ್ತೀವಲ್ಲ, ನಮ್ಮ ತಕರಾರು ಅದರ ಮೇಲೆ.

ಒದ್ದೆ ಜೇಡಿಮಣ್ಣು ರಾಡಾರ್ ತರಂಗವನ್ನು ನುಂಗುತ್ತೆ, ನಿಜ. ಒಣ ಮರಳಿನಲ್ಲಿ ನ್ಯಾನೋಸೆಕೆಂಡಿಗೆ ಸುಮಾರು 15 ಸೆಂ.ಮೀ. ಓಡುವ ತರಂಗ ನೀರಿನಲ್ಲಿ ಓಡೋದು ಬರೀ 3.3 ಸೆಂ.ಮೀ. ಆದರೆ ಇದೇ ಗುಣ ನಮಗೆ ಉಪಯೋಗಕ್ಕೆ ಬರುತ್ತೆ. ಜೋಯಿಡಾ ಕಡೆಯ ಒಂದು ಇಳಿಜಾರನ್ನು ಮಾರ್ಚಿನಲ್ಲಿ ಅಳೆದು, ಮಳೆ ಬಿದ್ದ ಮೇಲೆ ಅದೇ ಗೆರೆಯಲ್ಲಿ ಮತ್ತೆ ಅಳೆದರೆ, ಪ್ರತಿಧ್ವನಿ ಎಷ್ಟು ತಡವಾಯ್ತು ಅನ್ನೋದರಿಂದ ಮೇಲ್ಮಣ್ಣು ಎಷ್ಟು ನೀರು ಕುಡಿದಿದೆ ಅಂತ ತಿಳಿಯುತ್ತೆ. ಬೇಸಿಗೆಯ ಅಳತೆಯೇ ಇಲ್ಲದಿದ್ದರೆ ಮಳೆಗಾಲದ ಅಳತೆಯನ್ನು ಹೋಲಿಸೋದು ಯಾವುದರ ಜೊತೆ? (ಮಳೆ ಜೋರಾಗಿರುವ ದಿನ ಘಟ್ಟ ಹತ್ತೋ ಸಾಹಸ ಮಾತ್ರ ಬೇಡಪ್ಪಾ.)

ತಿರುಪತಿ ಹತ್ತಿರದ ಗದಂಕಿಯಲ್ಲಿ ವಾತಾವರಣ ಅಳೆಯುವ ರಾಡಾರ್‌ನ ಗರಿಷ್ಠ ಶಕ್ತಿ ಮೊದಲು 2.5 ಮೆಗಾವ್ಯಾಟ್ ಇತ್ತು. ನಮಗೆ ಒಂದು ಮಿಲಿವ್ಯಾಟ್ ಇದ್ದರೂ ಶುರು ಮಾಡಬಹುದು. ಒಂದೇ ಏಟಿಗೆ ದೊಡ್ಡ ಪಲ್ಸ್ ಬಿಡುವ ಬದಲು ಒಂದೊಂದೇ ಆವರ್ತನವನ್ನು ಮೆಟ್ಟಿಲು ಹತ್ತಿದ ಹಾಗೆ ಕಳಿಸಿ, ಉತ್ತರಗಳನ್ನು ಇನ್ವರ್ಸ್ ಫೂರಿಯರ್‌ಗೆ ಹಾಕಿದರೆ ಪಲ್ಸ್ ತಾನಾಗೇ ಸಿಗುತ್ತೆ. ಮ್ಯಾಥ್ಸ್‌ನಲ್ಲಿ ಬೈಕೊಂಡು ಓದಿದ್ದೆವಲ್ಲ, ಅದೇ ಫೂರಿಯರ್! ಕೆಲವೇ ಸಾವಿರ ರೂಪಾಯಿಯ ನ್ಯಾನೋ ವಿಎನ್‌ಎ ಈ ಕೆಲಸಕ್ಕೆ ಸಾಕು.

ಮೊದಲ ಪ್ರಯೋಗ ಮುಂಡಗೋಡದ ಕೆರೆಯಲ್ಲಿ ಆಗಲಿ. ಸಿಹಿನೀರಿನಲ್ಲಿ ಲವಣ ಕಡಿಮೆ ಇರೋದರಿಂದ ತರಂಗ ತಳದವರೆಗೂ ಹೋಗುತ್ತೆ. 2 ಮೀಟರ್ ಆಳದ ತಳದಿಂದ ಪ್ರತಿಧ್ವನಿ ಮರಳೋಕೆ ಸುಮಾರು 120 ನ್ಯಾನೋಸೆಕೆಂಡ್ ಬೇಕು. 100ರಿಂದ 300 ಮೆಗಾಹರ್ಟ್ಸ್ ಬಳಸಿದರೆ ನೀರಿನಲ್ಲಿ ಸುಮಾರು 8 ಸೆಂ.ಮೀ. ಅಂತರದ ಎರಡು ಪದರಗಳನ್ನು ಬೇರೆ ಬೇರೆಯಾಗಿ ಕಾಣಬಹುದು. ಹೂಳು ತೀರಾ ಜಿಗುಟಾಗಿಲ್ಲದಿದ್ದರೆ ಅದರ ಕೆಳಗಿನ ಹಳೇ ತಳವೂ ಕಂಡೀತು. ನಂಬಿಕೆ ಬರದಿದ್ದರೆ ಬಿದಿರಿನ ಗಳ ಇಳಿಸಿ ನೋಡಿದರಾಯ್ತು. ಎಷ್ಟು ಹೂಳು ತೆಗೀಬೇಕು ಅಂತ ಪಂಚಾಯ್ತಿಯವರಿಗೆ ಅಂದಾಜಿನ ಬದಲು ಅಳತೆ ಸಿಗುತ್ತೆ. ಹಳಿಯಾಳದ ಕೆರೆಗಳಿಗೂ ಇದೇ ಪೆಟ್ಟಿಗೆ ಸಾಕು.

ದಾಂಡೇಲಿ ಹತ್ತಿರದ ಕವಳಾ ಗುಹೆ ಸುಣ್ಣಕಲ್ಲಿನದು. ಅದರ ಸುತ್ತ ಕಾಣದ ಪೊಳ್ಳು ಇನ್ನೆಲ್ಲಿದೆ ಅಂತ ಹುಡುಕೋ ಆಸೆ ನಮಗೂ ಇದೆ. ಆದರೆ ಅಲ್ಲಿಗೂ ಜೋಯಿಡಾದ ಇಳಿಜಾರುಗಳಿಗೂ ಹೋಗೋಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅನುಮತಿ ಬೇಕಾಗುತ್ತೆ. ಕೆರೆ ಕೆಲಸ ಮುಗಿಯೋವರೆಗೆ ಕಾಯೋದು ಬೇಡ, ಅರಣ್ಯ ಇಲಾಖೆಗೆ ಅರ್ಜಿ ಈ ಸೆಮಿಸ್ಟರ್‌ನಲ್ಲೇ ಹೋಗಲಿ.