ಕಡೂರು ಸೀಮೆಗೆ ಏಳು ಸಹಿಗಳು ಬೇಕು

ಸಂತೆಯ ದಿನ ಕಡೂರಿನ ಅಂಗಡಿ ಸಾಲಿಗೆ ಮಂಗಳಮುಖಿಯರು ಬಂದು ಚಪ್ಪಾಳೆ ತಟ್ಟಿದರೆ ವರ್ತಕರು ಗಲ್ಲಾಪೆಟ್ಟಿಗೆಯಿಂದ ಹತ್ತು ರೂಪಾಯಿ ತೆಗೆದು ಕೊಟ್ಟು ಸಾಗಹಾಕುತ್ತಾರೆ. ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತಿದವರೂ ಅಷ್ಟೇ. ಕೈ ಜೇಬಿಗೆ ಹೋಗುತ್ತದೆ, ಕಣ್ಣು ಕಿಟಕಿಯ ಕಡೆ ಹೋಗುತ್ತದೆ. ಆ ಹತ್ತು ರೂಪಾಯಿಯಲ್ಲಿ ಸ್ವಲ್ಪ ಹೆದರಿಕೆ, ಸ್ವಲ್ಪ ಪುಣ್ಯದ ಆಸೆ, ಉಳಿದದ್ದು ಬೇಗ ತೊಲಗಲಿ ಎಂಬ ಅವಸರ. ಅದೇ ವ್ಯಕ್ತಿ ಮರುದಿನ ಬಂದು, "ಅಣ್ಣಾ, ಎಸ್ಸೆಸ್ಸೆಲ್ಸಿ ಓದಿದ್ದೇನೆ, ತೂಕದ ಲೆಕ್ಕ ಬರೆಯಬಲ್ಲೆ, ಮಂಡಿಯಲ್ಲಿ ಒಂದು ಕೆಲಸ ಕೊಡಿ" ಎಂದರೆ ಕೊಡುವ ಮಂಡಿಗಳು ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಎಷ್ಟಿವೆ? ವರ್ತಕ ಮಿತ್ರರು ತಮ್ಮತಮ್ಮಲ್ಲೇ ಉತ್ತರ ಹೇಳಿಕೊಳ್ಳಲಿ. ಭಿಕ್ಷೆ ಕೊಡಲು ಒಪ್ಪಿ ಕೂಲಿ ಕೊಡಲು ಒಪ್ಪದ ಈ ನಡತೆಗೆ ದಯೆ ಎಂಬ ಹೆಸರು ಸಲ್ಲದು.

ಇವರಾದರೂ ಕಣ್ಣಿಗೆ ಬೀಳುವವರು. ಕಣ್ಣಿಗೆ ಬೀಳದವರು ನಮ್ಮ ನಡುವೆಯೇ ಇದ್ದಾರೆ. ಗಂಡಸಿನ ಮೇಲೆ ಮನಸ್ಸಿರುವ ಗಂಡಸು ಮನೆಯವರ ಬಲವಂತಕ್ಕೆ ತಾಳಿ ಕಟ್ಟಿ, ತಾನೂ ಸುಖವಿಲ್ಲದೆ, ಏನೂ ಅರಿಯದ ಹೆಣ್ಣುಮಗಳಿಗೂ ಸುಖವಿಲ್ಲದೆ ದಿನ ದೂಡುತ್ತಾನೆ. ಒಬ್ಬರನ್ನೊಬ್ಬರು ಬಿಟ್ಟಿರಲಾರದ ಇಬ್ಬರು ಹೆಣ್ಣುಮಕ್ಕಳನ್ನು ಎರಡು ದಿಕ್ಕಿಗೆ ಮದುವೆ ಮಾಡಿ ಕಳಿಸಲಾಗುತ್ತದೆ. "ಹೆಣ್ಣಿಗ" ಎಂದು ಅಣಕಿಸಿಕೊಂಡ ಹುಡುಗ ಎಂಟನೆಯ ತರಗತಿಗೇ ಶಾಲೆ ಬಿಡುತ್ತಾನೆ. ಇವರೆಲ್ಲರನ್ನೂ ಕೂಡಿಸಿ ಲೈಂಗಿಕ ಅಲ್ಪಸಂಖ್ಯಾತರು ಎಂದು ನಮ್ಮ ರಾಜ್ಯದ ಚಳವಳಿ ಕರೆಯುತ್ತ ಬಂದಿದೆ. ಹೆಸರು ಉದ್ದವಾಯಿತು, ನಿಜ. ಆದರೆ ಬೀದಿಯಲ್ಲಿ ಇವರಿಗಿರುವ ಹೆಸರುಗಳಿಗಿಂತ ಸಾವಿರ ಪಾಲು ಮೇಲು.

ಗಿರಣಿಯಲ್ಲಿ ಕೆಲಸ ಹೋದವನು ಯೂನಿಯನ್ ಕಚೇರಿಯ ಮೆಟ್ಟಿಲು ಹತ್ತುತ್ತಾನೆ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಗೆಲುವು ಸಿಕ್ಕಿತೋ ಇಲ್ಲವೋ, ಹೋಗಿ ಕೂಗಾಡುವುದಕ್ಕೆ ಒಂದು ಜಾಗವಂತೂ ಇತ್ತು. ಮನೆಯಿಂದ ಹೊರಗೆ ಹಾಕಿಸಿಕೊಂಡ ಈ ಹುಡುಗರು ಯಾವ ಮೆಟ್ಟಿಲು ಹತ್ತಬೇಕು? ಬೆಂಗಳೂರಿನ ರೈಲು ಹತ್ತುತ್ತಾರೆ. ಇನ್ನೂರು ಕಿಲೋಮೀಟರಿಗೂ ಆಚೆ ಗುರುತಿಲ್ಲದ ಊರಿನಲ್ಲಿ ಯಾರ ಕೈಗೆ ಬೀಳುತ್ತಾರೆಂಬುದು ಅವರವರ ಅದೃಷ್ಟ. ಈ ಮೂರು ತಾಲ್ಲೂಕುಗಳಿಗೆ ಸೇರಿ ಇವರದೇ ಆದ ಒಂದು ಸಂಘ ಬೇಕು, ಅದನ್ನು ಕಟ್ಟಲು ದುಡಿಯುವ ಜನರ ಸಂಘಟನೆಗಳು ಕೈ ಕೊಡಬೇಕು ಎಂಬುದು ನಮ್ಮ ವಾದ.

ಕಾನೂನು ಬಂದಿದೆಯಲ್ಲ, ಮತ್ತೆ ಸಂಘ ಯಾತಕ್ಕೆ ಎಂದು ಕೇಳಬಹುದು. ಬಂದಿದೆ. 1860ರಲ್ಲಿ ಇಂಗ್ಲಿಷರು ಹೇರಿದ 377ನೆಯ ಕಲಮನ್ನು ದೆಹಲಿ ಹೈಕೋರ್ಟು 2009ರಲ್ಲಿ ಮೊಟಕುಗೊಳಿಸಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು, ವಯಸ್ಕರಿಬ್ಬರು ಒಪ್ಪಿ ಕೂಡುವುದು ಅಪರಾಧವಲ್ಲವೆಂದು ಸಾರಿತು. ಅದಕ್ಕೂ ಮೊದಲು, 2014ರ ಏಪ್ರಿಲ್ 15ರ ತೀರ್ಪು, ತಾನು ಗಂಡೋ ಹೆಣ್ಣೋ ಇವೆರಡೂ ಅಲ್ಲವೋ ಎಂಬುದನ್ನು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತ್ತು. ಆದರೆ ಪಾರ್ಲಿಮೆಂಟು 2019ರಲ್ಲಿ ಮಾಡಿದ ಕಾಯ್ದೆ ಗುರುತಿನ ಪತ್ರ ಕೊಡುವ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಇಟ್ಟಿತು. ಇಂಥವರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವನಿಗೆ ಅದು ಬರೆದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕಾನೂನಿನಲ್ಲಿರುವ ಶಿಕ್ಷೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ಶಾಸನ ಮಾಡಿದವರು ಯಾರ ದೇಹಕ್ಕೆ ಎಷ್ಟು ಬೆಲೆ ಕಟ್ಟಿದರೆಂಬುದು ತಿಳಿಯುತ್ತದೆ.

ನಮ್ಮ ರಾಜ್ಯದ ಕಥೆಯನ್ನೂ ಹೇಳಬೇಕು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ, ಮಂಗಳಮುಖಿಯರ ಹೆಸರು ವಿಳಾಸಗಳ ರಿಜಿಸ್ಟರು ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟರು. ಇದು ಹೊಸ ಬುದ್ಧಿಯಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಇಂಥದ್ದೇ ಪಟ್ಟಿ ಮಾಡಿಸಿದ್ದರು. ಕಲಬುರಗಿ, ರಾಯಚೂರು, ಬೀದರುಗಳು ನಿಜಾಮನ ಕೈಯಲ್ಲಿದ್ದಾಗ 1919ರಲ್ಲಿ ಹೈದರಾಬಾದು ಸರ್ಕಾರ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತ್ತು. ಆ ನಿಜಾಮಶಾಹಿ ಕಾಯ್ದೆಯನ್ನು ತೆಲಂಗಾಣ ಹೈಕೋರ್ಟು 2023ರಲ್ಲಿ ರದ್ದು ಮಾಡಿತು. ಸ್ವತಂತ್ರ ಭಾರತದಲ್ಲಿ, ಚುನಾಯಿತ ಸರ್ಕಾರ, 2011ರಲ್ಲಿ ಅದರ ನಕಲು ತೆಗೆಯಿತಲ್ಲ, ಇದಕ್ಕೆ ಏನೆನ್ನೋಣ! ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋದ ಮೇಲೆ 2016ರಲ್ಲಿ ಆ ಕಲಮಿನಲ್ಲಿದ್ದ ಅವಮಾನಕರ ಪದವನ್ನು ತೆಗೆದು "ವ್ಯಕ್ತಿ" ಎಂದು ತಿದ್ದಿದರು. ಪದ ತಿದ್ದಿಸುವುದಕ್ಕೂ ಒಂದು ಸಂಘವೇ ಬೇಕಾಯಿತು. ಸರ್ಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿ 2021ರಲ್ಲಿ ಬಂದದ್ದೂ ಹಾಗೆಯೇ. ಪೊಲೀಸ್ ಭರ್ತಿಯ ಅರ್ಜಿಯಲ್ಲಿ ಗಂಡು ಹೆಣ್ಣು ಎರಡೇ ಕಾಲಮುಗಳಿವೆಯೆಂದು ಬೆಂಗಳೂರಿನ ಸಂಗಮ ಸಂಸ್ಥೆ ಕೋರ್ಟು ಹತ್ತಿತು; ನಿಯಮ ತಿದ್ದುಪಡಿಯಾಯಿತು. ಕೇಳಿದವರಿಗೆ ಸಿಕ್ಕಿತು.

ಕೇಳುವವರೆಲ್ಲ ಬೆಂಗಳೂರಿನಲ್ಲಿದ್ದಾರೆ ಎಂಬುದೇ ತೊಡಕು. ಗುಡ್ ಆ್ಯಸ್ ಯು ಎಂಬ ಬಳಗ 1994ರಲ್ಲಿ ಅಲ್ಲಿ ಕೂಡತೊಡಗಿತು. ಸಂಗಮ 1999ರಲ್ಲಿ ಹುಟ್ಟಿತು. ಅದರಲ್ಲಿ ದುಡಿದು ಬೆಳೆದ ಅಕ್ಕೈ ಪದ್ಮಶಾಲಿಯವರು ಮುಂದೆ ಒಂದೆಡೆ ಎಂಬ ಸಂಸ್ಥೆ ಕಟ್ಟಿದರು. 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದರು. 2008ರಿಂದ ಬೆಂಗಳೂರಿನಲ್ಲಿ ಬಣ್ಣಬಣ್ಣದ ಬಾವುಟಗಳ ಮೆರವಣಿಗೆಯೂ ನಡೆಯುತ್ತ ಬಂದಿದೆ. ಒಳ್ಳೆಯದೇ. ಈಚೆಗೆ ಅದರಲ್ಲಿ ದೊಡ್ಡ ದೊಡ್ಡ ಕಂಪನಿಗಳ ಫಲಕಗಳೂ ಕಾಣಿಸಿಕೊಂಡಿವೆ. ಆ ಕಂಪನಿಗಳು ತಮ್ಮ ಗುಮಾಸ್ತರಿಗೆ ಏನು ಮಾಡುತ್ತವೋ, ಬೀರೂರಿನ ದರ್ಜಿಗೆ ಅದರಿಂದ ಒಂದು ಮೊಳ ಬಟ್ಟೆಯ ಕೆಲಸವೂ ಬರದು.

ಜಿಲ್ಲೆಗಳಿಗೆ ಏನೂ ಬರಲಿಲ್ಲವೆಂದಲ್ಲ. ಬಂದದ್ದು ಏಡ್ಸ್ ತಡೆಗಟ್ಟುವ ಹಣ. 2003ರಿಂದಾಚೆಗೆ ಅಮೆರಿಕದ ಗೇಟ್ಸ್ ಫೌಂಡೇಶನ್ನು ಆವಾಹನ್ ಎಂಬ ಯೋಜನೆಯಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಿಗೆ ದುಡ್ಡು ಸುರಿಯಿತು. ಕಚೇರಿಗಳು ತೆರೆದವು, ಜನ ಒಂದೆಡೆ ಸೇರಿದರು, ಪ್ರಾಣಗಳೂ ಉಳಿದವು, ಅದನ್ನು ಅಲ್ಲಗಳೆಯಬಾರದು. ಆದರೆ ಆ ಲೆಕ್ಕದ ಪುಸ್ತಕದಲ್ಲಿ ಮನುಷ್ಯನೆಂದರೆ ರೋಗ ಹರಡಬಹುದಾದ ಒಂದು ಅಂಕಿ. ಇಷ್ಟು ಜನರನ್ನು ಕಂಡಿರಿ, ಇಷ್ಟು ನಿರೋಧ್ ಹಂಚಿದಿರಿ, ಇಷ್ಟು ರಕ್ತ ಪರೀಕ್ಷೆ ಮಾಡಿಸಿದಿರಿ ಎಂಬುದೇ ಪ್ರಶ್ನೆ. ಇವನಿಗೆ ಬಾಡಿಗೆ ಮನೆ ಸಿಕ್ಕಿತೇ ಎಂಬ ಕಾಲಮು ಅದರಲ್ಲಿರಲಿಲ್ಲ. ಹತ್ತು ವರ್ಷ ಕಳೆಯುವ ಹೊತ್ತಿಗೆ ಫೌಂಡೇಶನ್ನು ಕೆಲಸವನ್ನು ಸರ್ಕಾರಕ್ಕೆ ಒಪ್ಪಿಸಿ ಹೊರಟಿತು. ಪರರ ದುಡ್ಡಿನಲ್ಲಿ ಹಚ್ಚಿದ ದೀಪಕ್ಕೆ ಎಣ್ಣೆ ಎಷ್ಟು ದಿನವೆಂದು ಹಚ್ಚಿದವರಿಗೆ ಗೊತ್ತಿರುವುದಿಲ್ಲ.

ಆದ್ದರಿಂದ ಕಡೂರು ಸೀಮೆಯ ಸಂಘ ಚಂದಾ ಹಣದ ಮೇಲೆ ನಿಲ್ಲಬೇಕು. 20 ಜನ ತಿಂಗಳಿಗೆ 30 ರೂಪಾಯಿ ಹಾಕಿದರೆ 600 ರೂಪಾಯಿ. ಅಷ್ಟರಲ್ಲಿ ಮಹಡಿ ಕಟ್ಟಲಾಗದು. ಆದರೆ ಅಜ್ಜಂಪುರದ ಒಬ್ಬ ಬಡವನ ಜೊತೆಗೆ ಓದುಬರಹ ಬಲ್ಲವರೊಬ್ಬರು ಚಿಕ್ಕಮಗಳೂರಿನ ಜಿಲ್ಲಾ ಕಚೇರಿಗೆ ಹೋಗಿಬರುವ ಬಸ್ ಖರ್ಚು ಹುಟ್ಟುತ್ತದೆ. ಒಂಟಿಯಾಗಿ ಹೋದರೆ ಒಂದು ದಿನದ ಕೂಲಿಯೂ ಹೋಯಿತು, ಗುಮಾಸ್ತನ ನಗೆಯೂ ದಕ್ಕಿತು. ಇಬ್ಬರು ಹೋದರೆ ಗುಮಾಸ್ತನ ಮುಖ ಬೇರೆಯಾಗುತ್ತದೆ; ಯೂನಿಯನ್ನಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮಾಡುವ ಕೆಲಸ ಬೇಕಾದಷ್ಟಿದೆ. ಮೈತ್ರಿ ಎಂಬ ಹೆಸರಿನಲ್ಲಿ ರಾಜ್ಯ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ಮಾಸಾಶನ ತಂದಿತು. ಅದಕ್ಕೆ ಅರ್ಜಿ ಬರೆದು, ಅದು ಯಾವ ಮೇಜಿನಲ್ಲಿ ನಿಂತಿದೆಯೆಂದು ಹಿಂದೆ ಬೀಳಬೇಕು. ಸಲಿಂಗಿಗಳ ಮದುವೆಗೆ ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ. ಆದರೆ ಮರುವರ್ಷ ಕೇಂದ್ರ ಸರ್ಕಾರ, ಜೊತೆಯಾಗಿ ಬಾಳುವ ಇಂಥ ಇಬ್ಬರನ್ನು ಪಡಿತರ ಚೀಟಿಯ ಮಟ್ಟಿಗೆ ಒಂದೇ ಮನೆಯವರೆಂದು ಎಣಿಸಬೇಕೆಂದು ರಾಜ್ಯಗಳಿಗೆ ತಿಳಿಸಿತು. ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು. ಆ ಕಾಗದದ ಪ್ರತಿಯನ್ನು ಹಿಡಿದುಕೊಂಡು ತರೀಕೆರೆ ತಾಲ್ಲೂಕು ಕಚೇರಿಯಲ್ಲಿ ನಿಲ್ಲುವವರು ಯಾರು? ರಾತ್ರಿ ಬಸ್ ನಿಲ್ದಾಣದಲ್ಲಿ ಹಿಡಿದು ಠಾಣೆಗೆ ಒಯ್ದರೆ ವಕೀಲರಿಗೆ ಫೋನು ಮಾಡುವವರು ಯಾರು? ಗಂಡುಮಗ ಸೀರೆ ಉಟ್ಟನೆಂದು ಮನೆಯಲ್ಲಿ ಕೂಡಿಹಾಕಿ ಹೊಡೆಯುವ ತಂದೆಯ ಹತ್ತಿರ ಹೋಗಿ, "ಯಜಮಾನರೇ, ಸ್ವಲ್ಪ ಕೂತು ಮಾತಾಡೋಣ" ಎನ್ನುವವರು ಯಾರು? ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಕೆಲಸವೆಂದು ನಮಗೆ ತೋರುತ್ತದೆ. ಅದನ್ನು ಬೆಂಗಳೂರಿನಿಂದ ಫೋನಿನಲ್ಲಿ ಮಾಡಲಾಗದು. ಊರು ಬಲ್ಲವರು, ಆ ತಂದೆಯ ಕಸುಬು ಬಲ್ಲವರು ಹೋಗಿ ಜಗಲಿಯ ಮೇಲೆ ಕೂರಬೇಕು.

ನಮ್ಮ ಒಡನಾಡಿಗಳಲ್ಲೇ ಕೆಲವರು ಮೂಗು ಮುರಿಯುತ್ತಾರೆ. ಕೊಬ್ಬರಿಗೆ ಬೆಲೆಯಿಲ್ಲ, ಹಮಾಲರಿಗೆ ಪಿಂಚಣಿಯಿಲ್ಲ, ಈಗ ಇದೊಂದು ಬೇಕಿತ್ತೇ ಎನ್ನುತ್ತಾರೆ. ಕೂಲಿಯ ಹೋರಾಟ ಮುಗಿದ ಮೇಲೆ ಜಾತಿಯ ಮಾತು, ಅದು ಮುಗಿದ ಮೇಲೆ ಹೆಂಗಸರ ಮಾತು ಎಂದು ಸರತಿಯಲ್ಲಿ ನಿಲ್ಲಿಸಿದವರನ್ನು ಲೋಹಿಯಾ ಒಪ್ಪಲಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರಿಗಾಗಿ ನಮ್ಮ ಮಲೆನಾಡಿಗೆ ಬಂದು ಬಂಧನಕ್ಕೊಳಗಾದವರು ಅವರು. ಅವರು ಹೇಳಿದ ಸಪ್ತಕ್ರಾಂತಿಯಲ್ಲಿ ಗಂಡು ಹೆಣ್ಣಿನ ಸಮಾನತೆಯೂ ಇದೆ, ಜಾತಿ ವಿನಾಶವೂ ಇದೆ, ಮನುಷ್ಯನ ಖಾಸಗಿ ಬಾಳಿನಲ್ಲಿ ಅನ್ಯಾಯವಾಗಿ ಕೈಹಾಕುವುದರ ವಿರುದ್ಧದ ಹೋರಾಟವೂ ಇದೆ. ಏಳೂ ಒಟ್ಟಿಗೆ ನಡೆಯಬೇಕೆಂಬುದು ಅವರ ಮಾತು. ಜಯಪ್ರಕಾಶರು 1976ರಲ್ಲಿ ಹುಟ್ಟುಹಾಕಿದ ಪಿಯುಸಿಎಲ್ ಸಂಸ್ಥೆಯ ಕರ್ನಾಟಕ ಶಾಖೆಯೇ 2001ರಲ್ಲಿಯೂ 2003ರಲ್ಲಿಯೂ ಬೆಂಗಳೂರಿನಲ್ಲಿ ಈ ಜನರ ಮೇಲೆ ಪೊಲೀಸರು ನಡೆಸುತ್ತಿದ್ದ ದೌರ್ಜನ್ಯದ ವರದಿಗಳನ್ನು ಹೊರತಂದಿತು. ನಮ್ಮ ಮನೆಯ ಹಿರಿಯರು ತೆಗೆದಿಟ್ಟ ದಾರಿ ಇದು.

ಕಾರ್ಮಿಕರಿಗೂ ಇವರಿಗೂ ಏನು ಸಂಬಂಧ ಎನ್ನುವವರು ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಮಾತು ಕೇಳಬೇಕು. 1984ರ ಮಾರ್ಚಿಯಿಂದ ಒಂದು ವರ್ಷ ಅಲ್ಲಿಯ ಗಣಿ ಕಾರ್ಮಿಕರು ಥ್ಯಾಚರ್ ಸರ್ಕಾರದ ಎದುರು ಮುಷ್ಕರ ನಿಂತರು. ಆಗ ಲಂಡನ್ನಿನ ಸಲಿಂಗಿ ಯುವಕ ಯುವತಿಯರು, ಮಾರ್ಕ್ ಆ್ಯಷ್ಟನ್ ಮೊದಲಾದವರು, ಬೀದಿಯಲ್ಲಿ ಡಬ್ಬಿ ಹಿಡಿದು ಹಣ ಕೂಡಿಸಿ ವೇಲ್ಸಿನ ಡುಲೈಸ್ ಕಣಿವೆಯ ಗಣಿ ಸಂಸಾರಗಳಿಗೆ ಒಯ್ದು ಕೊಟ್ಟರು. ಮುಷ್ಕರ ಸೋತಿತು. ಆದರೆ 1985ರ ಜೂನಿನಲ್ಲಿ ಲಂಡನ್ನಿನಲ್ಲಿ ಸಲಿಂಗಿಗಳ ಮೆರವಣಿಗೆ ಹೊರಟಾಗ ಆ ಗಣಿಗಾರರು ತಮ್ಮ ಸಂಘದ ಬಾವುಟದೊಂದಿಗೆ ಬಂದು ಮುಂದೆ ನಡೆದರು. ಅದೇ ವರ್ಷ ಲೇಬರ್ ಪಕ್ಷದ ಮಹಾಸಭೆಯಲ್ಲಿ ಸಲಿಂಗಿಗಳ ಹಕ್ಕಿನ ನಿರ್ಣಯ ಪಾಸಾಗುವಾಗ ಗಣಿ ಯೂನಿಯನ್ನಿನ ಓಟುಗಳು ಅದರ ಬೆನ್ನಿಗಿದ್ದವು. ಸಂಬಂಧ ಹೀಗೆ ಹುಟ್ಟುತ್ತದೆ.

ವರ್ತಕರ ದೂರೂ ಇದೆ: ರೈಲಿನಲ್ಲಿ, ಅಂಗಡಿಯಲ್ಲಿ, ಗೃಹಪ್ರವೇಶದ ಮನೆಯಲ್ಲಿ ಕೆಲವರು ಪೀಡಿಸಿ ವಸೂಲಿ ಮಾಡುತ್ತಾರೆಂದು. ಸುಳ್ಳೆಂದು ನಾವು ಹೇಳುವುದಿಲ್ಲ. ಬಿಡಿಬಿಡಿಯಾಗಿ ಹಸಿದವರಿಗೆ ಬುದ್ಧಿ ಹೇಳುವವರಿಲ್ಲ. ಸಂಘವಿದ್ದರೆ ವರ್ತಕರ ಸಂಘವೂ ಅದೂ ಎದುರು ಬದುರು ಕೂತು ತೀರ್ಮಾನ ಮಾಡಬಹುದು. ಹೊಟ್ಟೆಪಾಡಿಗೆ ಭಿಕ್ಷೆ ಬೇಡಿದ, ಇಡ್ಲಿ ಮಾರಿದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಎಲ್ಲರೂ ಪದ್ಮಶ್ರೀ ಪಡೆಯಬೇಕಿಲ್ಲ. ಮಂಡಿಯಲ್ಲಿ ತೂಕ ಬರೆಯುವ ಕೆಲಸ ಸಾಕು.

ಇನ್ನು ಸಹಿಯ ಮಾತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಂಘ ನೋಂದಾಯಿಸಲು ಏಳು ಜನ ಸಹಿ ಹಾಕಬೇಕು. ಬೇರೆ ಯಾರಿಗಾದರೂ ಇದು ಸುಲಭ. ಇವರಿಗೆ ಕಷ್ಟ. ಹೆಸರು, ತಂದೆಯ ಹೆಸರು, ಊರು ಬರೆದು ಕೊಟ್ಟರೆ ನಾಳೆ ಬಾಡಿಗೆ ಮನೆ ಹೋಗಬಹುದು, ತಂಗಿಯ ಸಂಬಂಧ ಮುರಿಯಬಹುದು. ಪೊಲೀಸರ ರಿಜಿಸ್ಟರಿನ ಭಯ ಉಂಡವರು ಮತ್ತೊಂದು ಪಟ್ಟಿಗೆ ಯಾಕೆ ಹೆಸರು ಕೊಟ್ಟಾರು? ಮೊದಲ ಕಾಗದದಲ್ಲಿ ಧೈರ್ಯವಿರುವ ಇಬ್ಬರು ಮೂವರು ಅವರ ಕಡೆಯಿಂದ ಬರಲಿ; ಉಳಿದ ಸಹಿಗಳನ್ನು ನಮ್ಮ ಕಾರ್ಮಿಕರು, ಒಬ್ಬ ವರ್ತಕರು, ಒಬ್ಬ ವಕೀಲರು, ಒಬ್ಬ ಮೇಷ್ಟ್ರು ಹಾಕಲಿ. ಉಳಿದ ಸದಸ್ಯರ ಪಟ್ಟಿ ಸಂಘದವರ ಕೈಯಲ್ಲೇ ಇರಲಿ, ಹೊರಗಿನವರಿಗೆ ತೋರಿಸಕೂಡದು. ಸಹಿ ಹಾಕಿದವರು ಯಜಮಾನಿಕೆ ಮಾಡಕೂಡದು. ಅವರವರು ಮುಂದೆ ಬಂದ ಹಾಗೆ ನಮ್ಮವರು ಒಬ್ಬೊಬ್ಬರಾಗಿ ಜಾಗ ಬಿಟ್ಟುಕೊಡಬೇಕು.

ಕೂಡುವುದಕ್ಕೆ ಸ್ಥಳವೂ ಬೇಕು. ಯೂನಿಯನ್ನಿನ ಕೋಣೆ ಭಾನುವಾರ ಸಂಜೆ ಬೀಗ ಹಾಕಿಕೊಂಡು ಬಿದ್ದಿರುತ್ತದೆ. ಅದರ ಬೀಗದ ಕೈಯನ್ನು ತಿಂಗಳಿಗೊಂದು ಭಾನುವಾರ ಇವರಿಗೆ ಕೊಡಬೇಕೆಂಬ ಸೂಚನೆಯನ್ನು ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಮಂಡಿಸಬೇಕೆಂದು ಸದಸ್ಯರನ್ನು ಕೇಳಿಕೊಳ್ಳುತ್ತೇವೆ. ವಿರೋಧವಿದ್ದವರು ಬಂದು ವಿರೋಧಿಸಲಿ, ಓಟಿಗೆ ಹಾಕೋಣ. ಏಳರಲ್ಲಿ ಒಂದು ಸಹಿ ಈ ಲೇಖನ ಬರೆದವನದು.