ನೇಜಾರಿನ ಮನೆ ಮತ್ತು ನಾವು ಕೇಳಬಾರದ ಪ್ರಶ್ನೆ

ಉಡುಪಿಯ ಸಂತೆಕಟ್ಟೆಯಿಂದ ಕೆಮ್ಮಣ್ಣಿನ ಕಡೆಗೆ ಸಾಗುವ ಹಾದಿಯಲ್ಲಿ ನೇಜಾರು ಎಂಬ ಊರಿದೆ. ಅಲ್ಲಿಂದ ಕಡಲು ದೂರವಿಲ್ಲ. ಗಂಡಸರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ, ಹೆಂಗಸರು ಮನೆ-ಮಕ್ಕಳನ್ನು ಸಂಭಾಳಿಸುವ ಕರಾವಳಿಯ ಅನೇಕ ಶಾಂತ ಊರುಗಳಲ್ಲಿ ಅದೂ ಒಂದು. 2023ರ ನವೆಂಬರ್ 12ರ ಬೆಳಿಗ್ಗೆ, ನಾಡು ದೀಪಾವಳಿಯ ಸಡಗರದಲ್ಲಿದ್ದಾಗ, ಆ ಊರಿನ ಒಂದು ಮನೆಯಲ್ಲಿ ತಾಯಿ, ಇಬ್ಬರು ಹೆಣ್ಣುಮಕ್ಕಳು ಮತ್ತು ಇನ್ನೂ ಶಾಲೆಗೆ ಹೋಗುತ್ತಿದ್ದ ಮಗ ಚೂರಿ ಇರಿತಕ್ಕೆ ಬಲಿಯಾದರು. ಇರಿತಕ್ಕೊಳಗಾಗಿಯೂ ಬದುಕುಳಿದವರು ವೃದ್ಧೆ ಅಜ್ಜಿ ಮಾತ್ರ. ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದ ತಂದೆ, ಆ ದುಡಿಮೆ ಯಾರಿಗಾಗಿತ್ತೋ ಅವರಲ್ಲಿ ನಾಲ್ವರನ್ನು ಒಂದೇ ಬೆಳಿಗ್ಗೆ ಕಳೆದುಕೊಂಡರು.

ಎರಡು ದಿನಗಳ ಬಳಿಕ ಬೆಳಗಾವಿ ಜಿಲ್ಲೆಯ ಕುಡಚಿಯಲ್ಲಿ ಪೊಲೀಸರು ಬಂಧಿಸಿದ್ದು ದರೋಡೆಕೋರನನ್ನಲ್ಲ, ಅಪರಿಚಿತನನ್ನೂ ಅಲ್ಲ. ಆತ ವಿಮಾನಯಾನ ಸಂಸ್ಥೆಯಲ್ಲಿ ಆ ಮನೆಯ ಮಗಳ ಸಹೋದ್ಯೋಗಿ. ಆಕೆ ತನ್ನೊಡನೆ ಮಾತು ನಿಲ್ಲಿಸಿದ್ದನ್ನು ಆತ ಸಹಿಸಲಿಲ್ಲವೆಂಬುದು ಪೊಲೀಸರ ವಿವರಣೆ. ಆರೋಪದ ಅಂತಿಮ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಈ ಆರೋಪವು ಸಮಾಜದ ಮುಂದಿಟ್ಟ ಪ್ರಶ್ನೆಗಳು ತೀರ್ಪಿಗಾಗಿ ಕಾಯಬೇಕಾದವಲ್ಲ.

ಇಂಥ ದುರಂತ ನಡೆದಾಗಲೆಲ್ಲ ಹಂತಕನಿಗಿಂತ ಮೊದಲು ವಿಚಾರಣೆಗೆ ಒಳಗಾಗುವವಳು ಸತ್ತವಳು. ಅವಳನ್ನು ಕೆಲಸಕ್ಕೆ ಕಳಿಸಿದ್ದೇಕೆ? ಪರಪುರುಷನ ಪರಿಚಯವಾದರೂ ಏಕೆ? ಮಯ್ಯತ್ ನಮಾಝ್ ಮುಗಿಯುವ ಮೊದಲೇ ಇಂಥ ಪ್ರಶ್ನೆಗಳು ಪಿಸುಮಾತಿನಲ್ಲಿ ಹುಟ್ಟುತ್ತವೆ. ಇದು ಕೇಳಬಾರದ ಪ್ರಶ್ನೆ. ತಂದೆ-ತಾಯಿಗೆ ಆಸರೆಯಾಗಲು ಹೊರಟ ಹೆಣ್ಣುಮಗಳು ಯಾವ ತಪ್ಪನ್ನೂ ಮಾಡಿರುವುದಿಲ್ಲ. ತಪ್ಪು, 'ಬೇಡ' ಎಂಬ ಮಾತನ್ನು ಅವಮಾನವೆಂದು ಬಗೆಯುವವನದ್ದು. ಪರಿಚಯವೆಂಬುದು ಒಂದು ಅಮಾನತ್. ಅಮಾನತಿನಲ್ಲಿ ದ್ರೋಹವೆಸಗುವುದನ್ನು ಪ್ರವಾದಿಯವರು(ಸ) ಕಪಟಿಯ ಲಕ್ಷಣಗಳಲ್ಲಿ ಎಣಿಸಿದ್ದಾರೆ. ದ್ರೋಹ ಎಸಗಿದವನನ್ನು ಬಿಟ್ಟು, ನಂಬಿದವಳನ್ನು ಕಟಕಟೆಯಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ಇಂಥ ಹತ್ಯೆಗಳಿಗೆ ಧರ್ಮದ ಬಣ್ಣ ಬಳಿಯುವುದೂ ಅಷ್ಟೇ ಅನ್ಯಾಯ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜಿನ ಆವರಣದಲ್ಲಿ ಓರ್ವ ವಿದ್ಯಾರ್ಥಿನಿಯ ಹತ್ಯೆಯಾಯಿತು. ಆರೋಪಿ ನಮ್ಮ ಸಮುದಾಯದ ಯುವಕ. ಒಂದು ತಿಂಗಳೂ ತುಂಬುವ ಮುನ್ನ, ಮೇ 15ರಂದು, ಅದೇ ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಯುವತಿ ತನ್ನ ಮನೆಯಲ್ಲೇ ಕೊಲೆಯಾದಳು. ಅಲ್ಲಿ ಆರೋಪಿಯೂ ಬಲಿಯಾದವಳೂ ಒಂದೇ ಧರ್ಮದವರು. ಮೊದಲ ಹತ್ಯೆಯ ಸುತ್ತ ರಾಜಕಾರಣ ಅಬ್ಬರಿಸಿತು. ಎರಡನೆಯದರ ಸುತ್ತ ಆ ಅಬ್ಬರವಿರಲಿಲ್ಲ. ನೇಜಾರನ್ನೂ ಸೇರಿಸಿ ನೋಡಿದರೆ ಮೂರೂ ಕಡೆ ಆರೋಪಿಗಳ ಧರ್ಮ ಒಂದೇ ಅಲ್ಲ. ಪೊಲೀಸರು ಮುಂದಿಟ್ಟ ಕಾರಣದ ಬೇರು ಮಾತ್ರ ಒಂದೇ: ಹೆಣ್ಣು ತನ್ನ ಸ್ವತ್ತು ಎಂಬ ಗಂಡಿನ ಭ್ರಮೆ. ಮೊದಲ ಹತ್ಯೆಯಾದಾಗ ಧಾರವಾಡದ ಮುಸ್ಲಿಂ ವರ್ತಕರು ಅಂಜುಮನ್‌ನ ಕರೆಗೆ ಓಗೊಟ್ಟು ಅಂಗಡಿ ಮುಚ್ಚಿ ನ್ಯಾಯ ಕೇಳಿದರು. ಹತನಾದವನ ಧರ್ಮ ನೋಡಿ ಅಳುವ, ಹಂತಕನ ಧರ್ಮ ನೋಡಿ ಕೋಪಿಸಿಕೊಳ್ಳುವ ಕಾಲದಲ್ಲಿ ಆ ನಡೆ ಎಲ್ಲರಿಗೂ ಮಾದರಿ.

ಕಡಲಿನಿಂದ ದೂರವಿರುವ ದಾವಣಗೆರೆ, ಹರಿಹರದ ಮನೆಗಳಿಗೂ ಈ ಚಿಂತೆ ಬೇರೆಯಲ್ಲ. ನಮ್ಮ ಹೆಣ್ಣುಮಕ್ಕಳೂ ಇಂದು ಕಾಲೇಜು, ಆಸ್ಪತ್ರೆ, ಕಚೇರಿಗಳಲ್ಲಿದ್ದಾರೆ. ಯಾರೋ ಬೆನ್ನು ಹತ್ತಿದ್ದಾನೆ, ಮತ್ತೆ ಮತ್ತೆ ಫೋನ್ ಮಾಡಿ ಪೀಡಿಸುತ್ತಿದ್ದಾನೆ ಎಂದು ಮನೆಯಲ್ಲಿ ಹೇಳಿದರೆ ಓದು, ಕೆಲಸ ಎರಡೂ ನಿಂತುಹೋಗುವ ಭಯ ಅವರಿಗಿದ್ದರೆ, ಅವರು ಹೇಳುವುದಿಲ್ಲ. ಆ ಮೌನವೇ ಪೀಡಕನ ಬಲ. ಆದ್ದರಿಂದ ಮಗಳು ಬಾಯಿಬಿಟ್ಟರೆ ಅವಳನ್ನು ಮನೆಯೊಳಗೆ ಕೂರಿಸುವುದಿಲ್ಲ, ಅವಳ ಬೆನ್ನಿಗೆ ನಿಲ್ಲುತ್ತೇವೆ ಎಂಬ ಭರವಸೆ ಹೆತ್ತವರಿಂದ ಮೊದಲೇ ಸಿಗಬೇಕು.

ಕಾನೂನು ಕೂಡಾ ಅವಳ ಪರವಾಗಿದೆ. ಒಲ್ಲೆನೆಂದ ಹೆಣ್ಣನ್ನು ಪದೇ ಪದೇ ಹಿಂಬಾಲಿಸುವುದನ್ನು, ಸಂಪರ್ಕಿಸುವುದನ್ನು 2013ರಲ್ಲೇ ಪ್ರತ್ಯೇಕ ಅಪರಾಧವೆಂದು ಘೋಷಿಸಲಾಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿದೆ. ಮೊದಲ ಬಾರಿಗೆ 3 ವರ್ಷಗಳವರೆಗೆ, ಮರುಕಳಿಸಿದರೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಪ್ರತಿ ಸ್ಥಳದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181 ಇವೆ. ಇವಿಷ್ಟನ್ನು ತಿಳಿಸಲು ಜಮಾಅತ್‌ಗಳಿಗೆ ಒಂದು ಸಂಜೆ ಸಾಕು.

ಆದರೆ ಕಾನೂನು ತಲುಪುವುದು ಅಪರಾಧದ ಬಳಿಕ. ಅದಕ್ಕಿಂತ ಮೊದಲು ತಲುಪಬೇಕಾದವರು ತಂದೆ, ತಾಯಿ, ಉಸ್ತಾದರು. ಹೆಣ್ಣುಮಕ್ಕಳಿಗೆ ಹಯಾ ಕಲಿಸಲು ನಾವು ವರ್ಷಗಳನ್ನು ವ್ಯಯಿಸುತ್ತೇವೆ. ದೃಷ್ಟಿ ತಗ್ಗಿಸುವ ಆದೇಶ ಮೊದಲು ಪುರುಷರಿಗೇ ಬಂದಿರುವುದನ್ನು ಗಂಡುಮಕ್ಕಳಿಗೆ ಎಷ್ಟು ಬಾರಿ ಹೇಳಿದ್ದೇವೆ? ನಿರಾಕರಣೆಯನ್ನು ಸಹಿಸುವುದು ಪೌರುಷಕ್ಕೆ ಕುಂದಲ್ಲ ಎಂದು ಜುಮಾ ಖುತ್ಬಾದಲ್ಲಿ ಎಷ್ಟು ಬಾರಿ ಕೇಳಿದ್ದೇವೆ? ಮಗಳ ಮುಂದೆ ಮುಚ್ಚಲು ಹೊರಟ ಬಾಗಿಲನ್ನು ತೆರೆದಿಟ್ಟು, ಮಗನನ್ನು ಎದುರು ಕೂರಿಸಿ ಮಾತನಾಡುವ ಕೆಲಸವನ್ನು ಪ್ರತಿ ಮನೆಯೂ ಈ ವಾರವೇ ಆರಂಭಿಸಲಿ.