ರಕ್ಷಣೆಗೆ ತೊಂಬತ್ತು ದಿನದ ಗಡಿ ಏಕೆ?

ಶುಕ್ರವಾರ ರಾತ್ರಿಯಿಂದ ಭಾನುವಾರ ರಾತ್ರಿಯವರೆಗೆ ಬೆಂಗಳೂರಿನಲ್ಲಿ ಆಹಾರ ತಲುಪಿಸುವ ಆ್ಯಪ್‌ಗಳಿಗೆ ಸುಗ್ಗಿ. ಆಗ ಬೇಕಾಗುವಷ್ಟು ಸವಾರರನ್ನು ವಾರವಿಡೀ ಇಟ್ಟುಕೊಂಡರೆ ಸೋಮವಾರ ಅವರಿಗೆಲ್ಲ ಆರ್ಡರ್ ಸಿಗುವುದಿಲ್ಲ. ಹಾಗಾಗಿ ವಾರಾಂತ್ಯಕ್ಕೆ ಬಂದು ಹೋಗುವವರು ಈ ಉದ್ಯಮಕ್ಕೆ ಅನಿವಾರ್ಯ. ಆರು ದಿನ ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ರಜೆಯ ದಿನ ಬ್ಯಾಗ್ ಹೆಗಲಿಗೇರಿಸುವವರು, ಕಾಲೇಜು ಫೀಸಿಗೆಂದು ಅಣ್ಣನ ಬೈಕ್ ಹತ್ತುವ ವಿದ್ಯಾರ್ಥಿಗಳು, ಸಂಬಳವೆಲ್ಲ ಬಾಡಿಗೆಗೇ ಮುಗಿದುಹೋಗುವ ಸೆಕ್ಯುರಿಟಿ ಗಾರ್ಡ್‌ಗಳು, ಇಂಥವರಿಗೆ ಈ ಕೆಲಸ ಒಗ್ಗುತ್ತದೆ. ಬೇಕೆನಿಸಿದಾಗ ಲಾಗಿನ್ ಆಗಬಹುದು, ಸಾಕೆನಿಸಿದಾಗ ಮನೆಗೆ ಹೋಗಬಹುದು, ಯಾರಿಗೂ ರಜೆ ಅರ್ಜಿ ಬರೆಯಬೇಕಿಲ್ಲ. ಈ ಸ್ವಾತಂತ್ರ್ಯವನ್ನು ಬರೀ ಮೋಸವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ತಕರಾರು ಬೇರೆ. ದುಡಿಯುವ ದಿನ ಕಡಿಮೆ ಎಂಬ ಕಾರಣಕ್ಕೆ, ದುಡಿದ ಆ ದಿನದ ಅಪಾಯಕ್ಕೂ ರಕ್ಷಣೆ ಇಲ್ಲವೆನ್ನುವುದು ಅನ್ಯಾಯ. ನಮ್ಮ ಕಾನೂನು ಈಗ ಹೊರಟಿರುವುದು ಆ ದಿಕ್ಕಿಗೇ.

2020ರ ಸಾಮಾಜಿಕ ಭದ್ರತಾ ಸಂಹಿತೆ, ಇಂಥ ಸವಾರರೂ ಸೇರುವ ಗಿಗ್ ಕಾರ್ಮಿಕರನ್ನು ಹೆಸರಿಟ್ಟು ಗುರುತಿಸಿದ ಮೊದಲ ಕೇಂದ್ರ ಕಾನೂನು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಡಿಸೆಂಬರ್ ಕೊನೆಯಲ್ಲಿ ಪ್ರಕಟವಾದ ಕರಡು ನಿಯಮಗಳು ಸೌಲಭ್ಯ ಯಾರಿಗೆ ಎಂಬುದಕ್ಕೆ ಒಂದು ಗಡಿ ಎಳೆದವು: ವರ್ಷದಲ್ಲಿ ಒಂದೇ ಕಂಪನಿಗೆ ಕನಿಷ್ಠ 90 ದಿನ, ಒಂದಕ್ಕಿಂತ ಹೆಚ್ಚು ಕಂಪನಿಗಳಾದರೆ ಒಟ್ಟು 120 ದಿನ ದುಡಿದಿರಬೇಕು. ಲೆಕ್ಕ ಹಾಕಿ ನೋಡಿ. ಪ್ರತಿ ಶನಿವಾರ, ಪ್ರತಿ ಭಾನುವಾರ ತಪ್ಪದೆ ರಸ್ತೆಗಿಳಿದವನಿಗೆ ವರ್ಷಕ್ಕೆ 104 ದಿನವಾಗುತ್ತದೆ. ಹಬ್ಬ, ಪರೀಕ್ಷೆ, ಜ್ವರ, ಊರಿನ ಮದುವೆ ಎಂದು ಎಂಟು ವಾರಾಂತ್ಯ ತಪ್ಪಿಸಿಕೊಂಡರೆ ಅವನು 88ಕ್ಕೆ ಇಳಿದು ಗಡಿಯಾಚೆ ಬೀಳುತ್ತಾನೆ. ಭಾನುವಾರವಷ್ಟೇ ಬಿಡುವಿರುವವನಿಗಂತೂ ಒಂದೇ ಕಂಪನಿಗೆ ದುಡಿದು ಗಡಿ ದಾಟುವ ದಾರಿಯೇ ಇಲ್ಲ. ಒಂದೇ ದಿನ ಎರಡು ಕಂಪನಿಗೆ ದುಡಿದರೆ ಎರಡು ದಿನವೆಂದು ಎಣಿಸುವ ಉದಾರತೆ ಕರಡಿನಲ್ಲಿದೆ, ನಿಜ. ಆದರೆ ಆ ಲೆಕ್ಕದಲ್ಲೂ 52 ಭಾನುವಾರಗಳು 104 ಆಗುತ್ತವೆಯೇ ಹೊರತು 120 ಮುಟ್ಟುವುದಿಲ್ಲ.

ಇದು ಅಂಚಿನಲ್ಲಿರುವ ಕೆಲವೇ ಮಂದಿಯ ಸಮಸ್ಯೆ ಅಲ್ಲವೆನ್ನಲು ಉದ್ಯಮದ ಅಂಕಿಗಳೇ ಸಾಕ್ಷಿ. 2025ರ ಡಿಸೆಂಬರ್ 31ರಂದು ಡೆಲಿವರಿ ಕಾರ್ಮಿಕರು ಮುಷ್ಕರಕ್ಕೆ ಕರೆ ಕೊಟ್ಟ ಬೆನ್ನಲ್ಲೇ ಜೊಮ್ಯಾಟೊ ಸ್ಥಾಪಕ ದೀಪಿಂದರ್ ಗೋಯಲ್ ಕೆಲವು ಅಂಕಿಗಳನ್ನು ಬಹಿರಂಗಪಡಿಸಿದರು. ಆ ವರ್ಷ ತಮ್ಮ ಸವಾರರು ದುಡಿದದ್ದು ಸರಾಸರಿ 38 ದಿನ. 250 ದಿನಕ್ಕಿಂತ ಹೆಚ್ಚು ದುಡಿದವರು ಶೇ 2.3 ಮಾತ್ರ, ಟಿಪ್ಸ್ ಬಿಟ್ಟು ಗಂಟೆಯ ಗಳಿಕೆ ಸರಾಸರಿ 102 ರೂಪಾಯಿ. ಇದು ಬಿಡುವಿನ ವೇಳೆಯ ಕೆಲಸ, ಕಾಯಂ ನೌಕರರಿಗೆ ಕೊಡುವ ಸವಲತ್ತನ್ನು ಇಲ್ಲಿ ಕೇಳುವುದು ಸರಿಯಲ್ಲ ಎಂಬುದು ಅವರ ವಾದ. ನಾಲ್ಕು ದಿನ ಪ್ರಯತ್ನಿಸಿ ಬಿಟ್ಟವರೂ ಆ ಸರಾಸರಿಯಲ್ಲಿ ಇದ್ದಾರೆಂಬುದನ್ನು ಮರೆಯಬಾರದು. ಆದರೂ ಅಂಕಿಯನ್ನು ಹಾಗೆಯೇ ಒಪ್ಪಿಕೊಳ್ಳೋಣ. ಸರಾಸರಿ 38 ದಿನ ಎಂದಾದರೆ 90 ದಿನದ ಗಡಿ ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆ? ಕಾನೂನು ಯಾರ ಹೆಸರಿನಲ್ಲಿ ಬಂತೋ ಅವರಲ್ಲಿ ಬಹುಪಾಲು ಮಂದಿ ಹೊಸ್ತಿಲಲ್ಲೇ ಉಳಿಯುತ್ತಾರೆ. ಗಂಟೆಗೆ 102 ರೂಪಾಯಿ ಎಂದರೆ ಆಗ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲಿನ ಬೆಲೆ. ಆ ದುಡ್ಡಿನಲ್ಲೇ ಪೆಟ್ರೋಲ್, ಟೈರು, ಸರ್ವೀಸ್ ಎಲ್ಲ ಹೋಗಿ ಉಳಿದದ್ದರಲ್ಲಿ ವಿಮೆಯನ್ನೂ ತಾನೇ ಕೊಂಡುಕೊಳ್ಳಲಿ ಎನ್ನುವುದು ಸುಲಭದ ಮಾತು.

ಕೊಂಡುಕೊಂಡರೂ ಉಪಯೋಗಕ್ಕೆ ಬರುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ವಾರಾಂತ್ಯದ ಸವಾರ ಓಡಿಸುವುದು ಸಾಮಾನ್ಯವಾಗಿ ಮನೆಯ ಬೈಕನ್ನೇ, ಬಿಳಿ ಬೋರ್ಡಿನದನ್ನು. ಖಾಸಗಿ ದ್ವಿಚಕ್ರ ವಾಹನದ ವಿಮಾ ಪತ್ರವನ್ನು ತೆರೆದು ‘ಬಳಕೆಯ ಮಿತಿ’ ಎಂಬ ಭಾಗವನ್ನು ಓದಿದರೆ, ಬಾಡಿಗೆಗಾಗಿ ಓಡಿಸುವುದು ಮತ್ತು ಸ್ವಂತ ಲಗೇಜಲ್ಲದ ಸರಕು ಸಾಗಿಸುವುದು ಎರಡೂ ರಕ್ಷಣೆಯಿಂದ ಹೊರಗಿವೆ. ಬಿರಿಯಾನಿ ಪೊಟ್ಟಣ ಹೊತ್ತ ಗಾಡಿ ಮಳೆಯಲ್ಲಿ ಗುಂಡಿಗೆ ಬಿದ್ದು ಮುರಿದರೆ ಪರಿಹಾರ ನಿರಾಕರಿಸಲು ವಿಮಾ ಕಂಪನಿಗೆ ದಾರಿ ಅಲ್ಲೇ ಇದೆ. ಇನ್ನು ಅಸಂಘಟಿತ ಕಾರ್ಮಿಕರಿಗೆಂದು 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿ ಇಎಸ್‌ಐ, ಭವಿಷ್ಯ ನಿಧಿ ಇರುವವರಿಗೆ ಸಿಗುವುದಿಲ್ಲ. ಕಾರ್ಖಾನೆಯ ನೌಕರಿಯಿಂದಾಗಿ ಇಎಸ್‌ಐ ಚೀಟಿ ಇರುವವನು ಆ ಪಟ್ಟಿಗೆ ಸೇರುವಂತಿಲ್ಲ. ಭಾನುವಾರ ಡೆಲಿವರಿಯಲ್ಲಿ ಕಾಲು ಮುರಿದರೆ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಕ್ಕೀತು, ಆದರೆ ಅದು ಕಾರ್ಖಾನೆಯ ಕೆಲಸದಲ್ಲಿ ಆದ ಗಾಯವಲ್ಲವಾದ್ದರಿಂದ ಅಂಗವೈಕಲ್ಯದ ಪರಿಹಾರ ಇಲ್ಲ. ಆ್ಯಪ್ ಕಂಪನಿಗಳು ಲಾಗಿನ್ ಆಗಿರುವ ಹೊತ್ತಿಗೆ ಅಪಘಾತ ವಿಮೆ ಕೊಡುತ್ತವೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಅದರ ಷರತ್ತು, ಮೊತ್ತ, ಅವಧಿ ಎಲ್ಲವೂ ಕಂಪನಿಯ ಕೈಯಲ್ಲಿದೆ. ಸವಾರನಿಗೆ ಅದು ಹಕ್ಕಾಗಿ ಬಂದದ್ದಲ್ಲ.

ಗಡಿ ಇರಲೇಬೇಕು ಎನ್ನುವವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ವಾರಕ್ಕೆ ಐದು ಗಂಟೆ ದುಡಿಯುವವನಿಗೆ ಪೂರ್ತಿ ಪಿಂಚಣಿ, ಗ್ರಾಚ್ಯುಟಿ ಕೇಳುವುದು ಸಾಧ್ಯವಲ್ಲ. ಹಾಗೆಯೇ ಹೊಟ್ಟೆಪಾಡಿಗೆ ಇದನ್ನೇ ನಂಬಿದ ಪೂರ್ಣಾವಧಿ ಸವಾರರು, ‘ಸಂಬಳ ಇರುವವರು ಬಂದು ನಮ್ಮ ಆರ್ಡರ್ ಕಸಿಯುತ್ತಾರೆ, ಕಲ್ಯಾಣ ನಿಧಿಯಲ್ಲೂ ಅವರಿಗೆ ಪಾಲೇ?’ ಎಂದು ಕೇಳಿದರೆ ಆ ಸಿಟ್ಟು ಅರ್ಥವಾಗುವಂಥದ್ದು. ಆದರೆ ಗಡಿ ಕಾಪಾಡುವುದು ಅವರನ್ನಲ್ಲ. 90 ದಿನ ದಾಟಿದವನಿಗೆ ಮಾತ್ರ ಸವಲತ್ತಿನ ಹೊಣೆ ಎಂದಾದರೆ, ಅಷ್ಟು ದಿನ ತಲುಪದ ಹತ್ತು ಮಂದಿಗೆ ಕೆಲಸ ಹಂಚುವ ಆಸೆ ವ್ಯವಸ್ಥೆಯೊಳಗೇ ಹುಟ್ಟುತ್ತದೆ. ಯಾರಿಗೆ ಎಷ್ಟು ಆರ್ಡರ್ ಎಂದು ನಿರ್ಧರಿಸುವುದು ಕಂಪನಿಯ ಸಾಫ್ಟ್‌ವೇರ್. ಸವಾರನಿಗೆ ಅದರ ಒಳಗು ಕಾಣುವುದಿಲ್ಲ. ವಾರಾಂತ್ಯದವನಿಗೆ ರಕ್ಷಣೆ ಇಲ್ಲದಿರುವುದರಿಂದ ಅಗ್ಗವಾಗುವುದು ಅವನ ದುಡಿಮೆ, ಮತ್ತು ಅದರ ಪೆಟ್ಟು ಕೊನೆಗೆ ಬೀಳುವುದು ಪೂರ್ಣಾವಧಿ ದುಡಿಯುವವನ ಮೇಲೆಯೇ.

ದಾರಿ ಹುಡುಕಲು ದೂರ ಹೋಗಬೇಕಾಗಿಲ್ಲ. 2023ರಲ್ಲಿ ರಾಜಸ್ಥಾನ ಗಿಗ್ ಕಾರ್ಮಿಕರಿಗೆಂದೇ ರಾಜ್ಯಗಳಲ್ಲಿ ಮೊದಲ ಕಾಯ್ದೆ ತಂದಿತು. 2025ರಲ್ಲಿ ಕರ್ನಾಟಕದ ಕಾಯ್ದೆ ಬಂತು. ನಮ್ಮ ಕಾಯ್ದೆಯ ಪ್ರಕಾರ ಕಲ್ಯಾಣ ಶುಲ್ಕವನ್ನು ಎಣಿಸುವುದು ಪ್ರತಿ ವಹಿವಾಟಿನ ಮೇಲೆ, ಕಾರ್ಮಿಕನಿಗೆ ಸಂದ ಹಣದ ಶೇ 1ರಿಂದ 5ರವರೆಗೆ. ಸವಾರನಿಗೆ 40 ರೂಪಾಯಿ ಸಿಗುವ ಆರ್ಡರಿಗೆ ಅದು 40 ಪೈಸೆಯಿಂದ 2 ರೂಪಾಯಿ. ಈ ಹೊರೆ ಗ್ರಾಹಕರ ಮೇಲೆ ಬಿದ್ದೀತೆಂದು ಹೆದರಿಸುವವರು ಇಷ್ಟು ಚಿಕ್ಕ ಲೆಕ್ಕವನ್ನು ಮುಚ್ಚಿಡುತ್ತಾರೆ. ದುಡ್ಡು ಆರ್ಡರಿನ ಲೆಕ್ಕದಲ್ಲಿ ಬರುವಾಗ ರಕ್ಷಣೆಯೂ ಆರ್ಡರಿನ ಲೆಕ್ಕದಲ್ಲೇ ಸಿಗಬೇಕು: ಪಿಂಚಣಿಯಂಥ ದೀರ್ಘಕಾಲದ ಸೌಲಭ್ಯ ದುಡಿಮೆಯ ಪ್ರಮಾಣಕ್ಕೆ ತಕ್ಕಷ್ಟು, ಅಪಘಾತ ಮತ್ತು ಅಂಗವೈಕಲ್ಯದ ವಿಮೆ ಮೊದಲ ಆರ್ಡರಿನಿಂದಲೇ ಪೂರ್ತಿ. ಭಾನುವಾರದ ಸವಾರನ ಆರ್ಡರಿನ ಮೇಲಿನ ಶುಲ್ಕವೂ ಕಲ್ಯಾಣ ನಿಧಿಗೆ ಹೋಗುತ್ತದೆ. ಅದನ್ನು ಪಡೆದು ಅವನನ್ನೇ ಹೊರಗಿಡುವ ಹಕ್ಕು ಯಾರಿಗೂ ಇಲ್ಲ.

ನೀತಿ ಆಯೋಗ 2022ರ ವರದಿಯಲ್ಲಿ 2020–21ರ ಗಿಗ್ ಕಾರ್ಮಿಕರನ್ನು 77 ಲಕ್ಷವೆಂದು ಅಂದಾಜಿಸಿ, 2029–30ರ ಹೊತ್ತಿಗೆ ಅವರು 2.35 ಕೋಟಿ ಆಗುತ್ತಾರೆಂದು ಹೇಳಿತ್ತು. ಅಷ್ಟು ದೊಡ್ಡ ಸಮುದಾಯ ಬೆಳೆದ ಮೇಲೆ ನಿಯಮ ತಿದ್ದುವುದಕ್ಕಿಂತ ಈಗಲೇ ತಿದ್ದುವುದು ಸುಲಭ. ಕೇಂದ್ರ ಸರ್ಕಾರ ಅಪಘಾತ ವಿಮೆಯ ಮಟ್ಟಿಗಾದರೂ ದಿನಗಳ ಗಡಿಯನ್ನು ಕೈಬಿಡಬೇಕು. ಖಾಸಗಿ ಬೈಕಿನ ಪಾಲಿಸಿಗೆ ಡೆಲಿವರಿ ಕೆಲಸವನ್ನೂ ಸೇರಿಸುವ ಅಗ್ಗದ ಹೆಚ್ಚುವರಿ ರಕ್ಷಣೆ ಎಲ್ಲ ಕಂಪನಿಗಳಲ್ಲೂ ಸಿಗುವಂತೆ ವಿಮಾ ನಿಯಂತ್ರಣ ಪ್ರಾಧಿಕಾರ ನೋಡಿಕೊಳ್ಳಬೇಕು. ನಮ್ಮ ರಾಜ್ಯದ ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿ ಕೇಂದ್ರದ ನಿಯಮಗಳಿಗೆ ಕಾಯದೆ, ಲಾಗಿನ್ ಆದ ಮೊದಲ ದಿನವೇ ವಿಮೆ ಆರಂಭವಾಗುವ ಯೋಜನೆಯನ್ನು ರೂಪಿಸಬೇಕು.